ಮೀನಿನ ತೊಟ್ಟಿಯ ಅಲಂಕಾರ

ಕೇಳುಗರೆಲ್ಲರಿಗೆ ನಮಸ್ಕಾರ.

ಅಕ್ವೇರಿಯಂ ಅಂಗಡಿಗೆ ಹೋದವರ ಕಣ್ಣು ಎಷ್ಟೋ ಸಲ ಮೀನಿಗಿಂತ ಮೊದಲು ನೀಲಿ, ಗುಲಾಬಿ ಬಣ್ಣದ ಜಲ್ಲಿಯ ಮೇಲೆ, ಪ್ಲಾಸ್ಟಿಕ್ ಗಿಡಗಳ ಮೇಲೆ, ಗುಳ್ಳೆ ಬಿಡುವ ಗೊಂಬೆಗಳ ಮೇಲೆ ಬೀಳುತ್ತದೆ. ತೊಟ್ಟಿಯೊಳಗೆ ಇಟ್ಟ ವಸ್ತು ಹಗಲಿರುಳೂ ನೀರಿನಲ್ಲಿ ನೆನೆಯುತ್ತ, ತನ್ನಲ್ಲಿರುವುದನ್ನು ಅಷ್ಟಿಷ್ಟಾಗಿ ಆ ನೀರಿಗೆ ಬಿಡುವ ಸಾಧ್ಯತೆ ಇರುವುದರಿಂದ, ಅದರ ಅಂದವನ್ನು ನೋಡುವ ಮೊದಲು ಅದರ ಗುಣವನ್ನು ವಿಚಾರಿಸುವುದು ಒಳ್ಳೆಯದು.

ಕಲ್ಲಿನ ವಿಷಯದಲ್ಲಿ ಇದು ಮುಖ್ಯ. ಸುಣ್ಣಕಲ್ಲು, ಅಮೃತಶಿಲೆ, ಹವಳ, ಸಮುದ್ರದ ದಂಡೆಯಿಂದ ಆಯ್ದು ತಂದ ಕಪ್ಪೆಚಿಪ್ಪು ಇವೆಲ್ಲವೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇವು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಹೆಚ್ಚಿಸುತ್ತವೆ. ಗಪ್ಪಿ, ಮೋಲಿಗಳಿಗೆ ಗಡಸು ನೀರು ಒಗ್ಗುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಸಾಕುವವರಂತೂ ಬೇಕೆಂದೇ ಇಂತಹ ಕಲ್ಲು ಹಾಕುತ್ತಾರೆ. ಆದರೆ ಅಮೆಜಾನ್ ಪ್ರದೇಶದ ಮೆದು ನೀರಿನ ನಿಯಾನ್ ಟೆಟ್ರಾಗಳಿಗೆ ಇದು ಹಿತವಲ್ಲ. ನಮ್ಮ ಬಯಲುಸೀಮೆಯ ಹಲವೆಡೆ ಬೋರ್‌ವೆಲ್ ನೀರು ಮೊದಲೇ ಗಡಸು. ಅದಕ್ಕೆ ಚಿಪ್ಪಿನ ರಾಶಿಯನ್ನೂ ಸೇರಿಸುವುದೇಕೆ? ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನಿಗರ್ ಹಾಕಿ ನೋಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದು ತಿಳಿಯಬಹುದು. ಗ್ರಾನೈಟ್ ಮತ್ತು ಬೆಣಚುಕಲ್ಲಿನಿಂದ ಈ ತೊಂದರೆಯಿಲ್ಲ. ಭಾರದ ಕಲ್ಲನ್ನು ಮೊದಲು ತಳದಲ್ಲಿ ಅಲುಗಾಡದಂತೆ ಕೂರಿಸಿ, ಆಮೇಲೆ ಸುತ್ತಲೂ ಜಲ್ಲಿ ಹರಡಬೇಕು. ಜಲ್ಲಿಯ ಮೇಲೆ ಇಟ್ಟರೆ, ನೆಲ ಕೆದಕುವ ಮೀನುಗಳು ಅದನ್ನು ಉರುಳಿಸಿ ಗಾಜು ಒಡೆಯುವಂತೆ ಮಾಡಬಲ್ಲವು.

ಡ್ರಿಫ್ಟ್‌ವುಡ್ ಎಂದು ಮಾರುವ ಮರದ ತುಂಡನ್ನು ಕುದಿಸಿ, ನೀರು ಬದಲಿಸುತ್ತ ಕೆಲವು ದಿನ ನೆನೆಹಾಕಿ ಬಳಸಬೇಕು. ಅದರಿಂದ ಇಳಿಯುವ ಟ್ಯಾನಿನ್ ನೀರಿಗೆ ಚಹಾದ ಬಣ್ಣ ಕೊಡುತ್ತದೆಯೇ ಹೊರತು ಮೀನಿಗೆ ಕೇಡು ಮಾಡುವುದಿಲ್ಲ. ಹಿತ್ತಲಿನ ಹಸಿ ಕೊಂಬೆ ಮಾತ್ರ ಬೇಡ, ಅದು ಕೊಳೆಯುತ್ತದೆ.

ಪ್ಲಾಸ್ಟಿಕ್ ಗಿಡವನ್ನು ತೆಳುವಾದ ನೈಲಾನ್ ಬಟ್ಟೆಯ ಮೇಲೆ ಎಳೆದು ನೋಡಿ. ಬಟ್ಟೆ ಸಿಕ್ಕಿಕೊಂಡರೆ ಫೈಟರ್ ಮೀನಿನ ಉದ್ದನೆಯ ರೆಕ್ಕೆಯೂ ಹರಿಯುತ್ತದೆ. ನನ್ನ ಒಲವು ನಿಜವಾದ ಗಿಡಗಳ ಕಡೆಗೆ. ಅನುಬಿಯಾಸ್, ಜಾವಾ ಫರ್ನ್‌ಗಳಿಗೆ ಮಂದ ಬೆಳಕು ಸಾಕು. ಅವುಗಳ ದಪ್ಪ ಬೇರುಕಾಂಡವನ್ನು ಜಲ್ಲಿಯಲ್ಲಿ ಹೂಳದೆ, ದಾರದಿಂದ ಮರಕ್ಕೋ ಕಲ್ಲಿಗೋ ಕಟ್ಟಬೇಕು, ಹೂತರೆ ಕೊಳೆಯುತ್ತದೆ.

ಇನ್ನು ನಿರ್ವಹಣೆ. ಅತಿಯಾದ ಶುಚಿತ್ವದಿಂದಲೂ ತೊಟ್ಟಿ ಕೆಡುತ್ತದೆ ಎಂದರೆ ಹಲವರು ನಂಬುವುದಿಲ್ಲ. ಮೀನಿನ ಕಸದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿರುವಂತೆ ಕಲ್ಲು, ಜಲ್ಲಿ, ಗೊಂಬೆಗಳ ಮೈಮೇಲೂ ನೆಲೆಸಿರುತ್ತವೆ. ಎಲ್ಲವನ್ನೂ ಒಂದೇ ದಿನ ಹೊರತೆಗೆದು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿದರೆ ಅವುಗಳಲ್ಲಿ ಬಹುಪಾಲು ನಾಶವಾಗುತ್ತವೆ. ಆದ್ದರಿಂದ ಒಂದು ಸಲಕ್ಕೆ ಒಂದೆರಡು ವಸ್ತುಗಳನ್ನಷ್ಟೇ ತೆಗೆದು, ತೊಟ್ಟಿಯಿಂದಲೇ ಬಕೆಟ್ಟಿಗೆ ತೆಗೆದ ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಪಾಚಿ ಉಜ್ಜಿ ಮರಳಿ ಇಡಬೇಕು, ಸೋಪು ಸೋಕಲೇಬಾರದು. ಪಾಚಿ ಮೇಲಿಂದ ಮೇಲೆ ಬರುತ್ತಿದ್ದರೆ, ದೀಪವನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ಕಿಟಕಿಯ ನೇರ ಬಿಸಿಲನ್ನು ತಪ್ಪಿಸಿ. ಬಣ್ಣ ಸುಲಿಯತೊಡಗಿದ ಗೊಂಬೆಯನ್ನು ತೊಳೆದು ಮತ್ತೆ ಇಡುವ ಬದಲು ತೆಗೆದುಬಿಡಿ. ಟೊಳ್ಳು ಗೊಂಬೆಗಳ ಒಳಗೆ ತಿನ್ನದೆ ಉಳಿದ ಆಹಾರ ಕೊಳೆಯುತ್ತಿದೆಯೇ ಎಂದು ನೀರು ಬದಲಿಸುವಾಗಲೆಲ್ಲ ಎತ್ತಿ ನೋಡಿ.

ನಮಸ್ಕಾರ.