ಲಾಕ್‌ಡೌನ್ ಮತ್ತು ಗಾಳಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

2020ರಲ್ಲಿ ಕೋವಿಡ್ ಕಾರಣಕ್ಕೆ ಜಗತ್ತು ಬಾಗಿಲು ಹಾಕಿಕೊಂಡಾಗ ಆಕಾಶ ನೀಲಿಯಾಯಿತು, ಮಬ್ಬಿನಲ್ಲಿ ಮರೆಯಾಗಿದ್ದ ಬೆಟ್ಟಗಳು ಕಂಡವು. ಪ್ರಕೃತಿ ಗುಣವಾಯಿತು ಎಂದು ಎಲ್ಲೆಡೆ ಸುದ್ದಿ. ಅದು ಅರ್ಧ ನಿಜ. ಯಾವ ಅನಿಲ ಗಾಳಿಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿದರೆ ಉಳಿದರ್ಧ ತಿಳಿಯುತ್ತದೆ.

ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್‌ನ ಆಯುಷ್ಯ ಹಗಲಿನಲ್ಲಿ ಕೆಲವೇ ಗಂಟೆ. ಹಾಗಾಗಿ ಸಂಚಾರ ನಿಂತ ಬೆನ್ನಿಗೇ ಅದು ಇಳಿಯಿತು. ವುಹಾನ್ ಮೇಲೂ ಉತ್ತರ ಇಟಲಿಯ ಮೇಲೂ ಸೆಂಟಿನೆಲ್-5ಪಿ ಉಪಗ್ರಹ ಅದನ್ನು ಅಳೆಯಿತು. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಅದರ ಒಂದು ಪಾಲು ಶತಮಾನಗಟ್ಟಲೆ ಉಳಿಯುತ್ತದೆ. 2020ರ ಏಪ್ರಿಲ್ ಆರಂಭದಲ್ಲಿ ಜಗತ್ತಿನ ದಿನದ ಹೊರಸೂಸುವಿಕೆ 2019ರ ಸರಾಸರಿಗಿಂತ ಸುಮಾರು ಶೇ. 17ರಷ್ಟು ಕುಸಿದಿತ್ತು. ಇಡೀ ವರ್ಷದ ಲೆಕ್ಕಕ್ಕೆ ಬಂದರೆ ಇಳಿಕೆ ಶೇ. 5ರ ಆಸುಪಾಸು. ವಾತಾವರಣದಲ್ಲಿ ಅದರ ಪರಿಣಾಮ 0.1ರಿಂದ 0.2 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂಬ ಅಳತೆ) ಮಾತ್ರ. ಕಾಡು, ಕಡಲುಗಳಿಂದಲೇ ವರ್ಷದಿಂದ ವರ್ಷಕ್ಕೆ 1 ಪಿಪಿಎಂನಷ್ಟು ಏರುಪೇರಾಗುತ್ತದೆ. ಇಷ್ಟು ಸಣ್ಣ ಇಳಿಕೆ ಅದರಲ್ಲಿ ಕಾಣಿಸುವುದಾದರೂ ಹೇಗೆ? ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಆ ಮೇ ತಿಂಗಳ ಸರಾಸರಿ 417 ಪಿಪಿಎಂ ಮುಟ್ಟಿತು, ಅಲ್ಲಿಯವರೆಗಿನ ದಾಖಲೆ.

ಇನ್ನು ಹಲವು ನಗರಗಳಲ್ಲಿ ನೆಲಮಟ್ಟದ ಓಝೋನ್, ಅಂದರೆ ಉಸಿರಿಗೆ ಕೆಡುಕಾದದ್ದು, ಏರಿತು. ಎಂಜಿನ್ನಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಅಲ್ಲೇ ಓಝೋನನ್ನು ತಿಂದುಹಾಕುತ್ತಿತ್ತು. ತಿನ್ನುವವರೇ ಕಡಿಮೆಯಾದಾಗ ಓಝೋನ್ ಉಳಿಯಿತು. ಉತ್ತರ ಚೀನಾದಲ್ಲಿ ಈ ಓಝೋನ್, ತೇವ, ನಿಂತ ಗಾಳಿ ಮೂರೂ ಸೇರಿ ಹೊಸ ಸೂಕ್ಷ್ಮಕಣಗಳು ಹುಟ್ಟಿ, ರಸ್ತೆ ಖಾಲಿಯಿದ್ದರೂ ಮಬ್ಬು ಕವಿಯಿತು. ಭೂಮಿಯ ಶಾಖ ಹಿಡಿದಿಡುವ ಮೀಥೇನ್ ಅನಿಲದ್ದು ಇನ್ನೂ ವಿಚಿತ್ರ. ಅದನ್ನು ಗಾಳಿಯಲ್ಲೇ ಒಡೆಯುವ ಹೈಡ್ರಾಕ್ಸಿಲ್ ಎಂಬ ಚುರುಕಿನ ಕಣ ಹುಟ್ಟಲು ನೈಟ್ರೋಜನ್ ಆಕ್ಸೈಡುಗಳು ನೆರವಾಗುತ್ತವೆ. ಅವು ತಗ್ಗಿದವು, ಜೌಗುನೆಲಗಳಿಂದಲೂ ಹೆಚ್ಚು ಮೀಥೇನ್ ಹೊರಬಂತು. 2020ರಲ್ಲಿ ಮೀಥೇನ್ ಏರಿಕೆ ಸುಮಾರು 15 ಪಿಪಿಬಿ (ನೂರು ಕೋಟಿ ಭಾಗಕ್ಕೆ 15 ಭಾಗ). ಹೊಗೆ ಕಡಿಮೆ ಮಾಡಬಾರದು ಎಂದು ಇದರ ಅರ್ಥವಲ್ಲ, ಒಂದೇ ಅನಿಲವನ್ನು ಹಿಡಿದರೆ ಸಾಲದು ಎಂದಷ್ಟೇ.

ಆಮೇಲೆ ಕಸ. ವಿಶ್ವಸಂಸ್ಥೆಯ ಜಂಟಿ ಖರೀದಿಯೊಂದರಿಂದಲೇ 2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ ಸುಮಾರು 87,000 ಟನ್ ಪಿಪಿಇ, ಅಂದರೆ ಮಾಸ್ಕು, ಕೈಗವಸಿನಂಥ ರಕ್ಷಣಾ ಸಾಮಗ್ರಿ, ಹಂಚಲಾಯಿತು. ಜನ ಅಂಗಡಿಯಲ್ಲಿ ಕೊಂಡ ಮಾಸ್ಕು ಈ ಲೆಕ್ಕದಲ್ಲಿಲ್ಲ. ಸರ್ಜಿಕಲ್ ಮಾಸ್ಕಿನ ಮೂರು ಪದರವೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಜೊತೆಗೆ ಮೂಗಿನ ತಂತಿ, ಕಿವಿಯ ಎಲಾಸ್ಟಿಕ್. ಹೀಗೆ ಬೆರೆತದ್ದನ್ನು ಮರುಬಳಕೆ ಮಾಡುವುದು ಕಷ್ಟ. ಬಿಸಿಲಿಗೆ ಬಿದ್ದರೆ ಎಳೆಎಳೆಯಾಗಿ ಉದುರಿ ಮೈಕ್ರೋಪ್ಲಾಸ್ಟಿಕ್ ಆಗುತ್ತದೆ.

ಈ ಕಸವನ್ನು ಸುಡುವುದಾದರೆ ಎರಡು ತಪ್ಪು ಸಾಮಾನ್ಯ: ಕಡಿಮೆ ಶಾಖದಲ್ಲಿ ಸುಡುವುದು, ಬ್ಲೀಚ್ ಸುರಿದು ಸುಡುವುದು. ಬ್ಲೀಚಿನಲ್ಲೂ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕೈಗವಸಿನಲ್ಲೂ ಕ್ಲೋರಿನ್ ಇರುವುದರಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆದ್ದರಿಂದ ಪಿವಿಸಿಯನ್ನು ಮೊದಲೇ ಬೇರ್ಪಡಿಸಿ, ಬ್ಲೀಚ್ ಹಾಕದೆ, ಮುಚ್ಚಿದ ಚೀಲದಲ್ಲಿ, 850 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖದ ಎರಡು ಕೋಣೆಯ ಕುಲುಮೆಗೇ ಕಳಿಸಬೇಕು.