ಹಲ್ಲಿನ ಸೆಟ್ಟು ಬಿಟ್ಟು ಹೋದ ಸಾಹುಕಾರ

ಮನೆಯಲ್ಲಿ ಹಲ್ಲಿನ ಸೆಟ್ಟು ಹಾಕುವ ಅಜ್ಜ ಇದ್ದರೆ ನಿಮಗೆ ಗೊತ್ತಿರುತ್ತದೆ. ಎದ್ದ ತಕ್ಷಣ ಕೈ ಹೋಗುವುದು ಮಂಚದ ಪಕ್ಕದ ಲೋಟಕ್ಕೆ. ಸೆಟ್ಟು ಬಾಯಿಗೆ ಹೋದ ಮೇಲೇ ಮಾತು. ಅಂಥವರು ಸೂಟು ಬೂಟು ಹಾಕಿಕೊಂಡು, ಸೆಟ್ಟು ಮಾತ್ರ ಬಿಟ್ಟು ಹೊರಗೆ ಹೋಗುತ್ತಾರಾ?

ಇ. ಸಿ. ಬೆಂಟ್ಲಿಯ ‘ಟ್ರೆಂಟ್ಸ್ ಲಾಸ್ಟ್ ಕೇಸ್’ ಕಾದಂಬರಿಯಲ್ಲಿ ಹಾಗೇ ಆಗಿದೆ. 1913ರದು. ಅಮೆರಿಕದ ಕೋಟ್ಯಧಿಪತಿ ಮ್ಯಾಂಡರ್ಸನ್ ಇಂಗ್ಲೆಂಡಿನ ತನ್ನ ಬಂಗಲೆಯ ಹೊರಗೆ ಗುಂಡೇಟಿನಿಂದ ಸತ್ತು ಬಿದ್ದಿದ್ದಾನೆ. ಹಲ್ಲಿನ ಸೆಟ್ಟು ಮಲಗುವ ಕೋಣೆಯಲ್ಲೇ ಇದೆ. ಅವನ ಒಂದು ಜೊತೆ ಬೂಟು ಸ್ವಲ್ಪ ಬಿರಿದಿದೆ, ಯಾರೋ ದೊಡ್ಡ ಪಾದ ತುರುಕಿದ ಹಾಗೆ.

ಇದನ್ನೆಲ್ಲ ಗಮನಿಸುವವನು ಫಿಲಿಪ್ ಟ್ರೆಂಟ್. ಪೊಲೀಸ್ ಅಲ್ಲ, ಚಿತ್ರಕಾರ. ಪತ್ರಿಕೆಯೊಂದು ಇವನನ್ನು ಇಂಥ ಕೇಸಿಗೆ ಕಳಿಸುತ್ತದೆ. ಬಾಯಿ ಬಿಟ್ಟರೆ ತಮಾಷೆ, ಇಲ್ಲ ಯಾರದೋ ಪದ್ಯ. ಇನ್‌ಸ್ಪೆಕ್ಟರ್ ಮರ್ಚ್ ಜೊತೆ ಸ್ನೇಹವೂ ಉಂಟು, ಪೈಪೋಟಿಯೂ ಉಂಟು. ನಗುವೇ ಬಾರದ, ತಪ್ಪೇ ಮಾಡದ ಪತ್ತೇದಾರರು ಸಾಕು ಅಂತಲೇ ಬೆಂಟ್ಲಿ ಇವನನ್ನು ಹುಟ್ಟಿಸಿದ್ದು.

ಆಮೇಲೆ ಪ್ರೇಮ. ಯಾರ ಮೇಲೆ ಅಂತೀರಿ? ಸತ್ತವನ ಹೆಂಡತಿ ಮೇಬಲ್ ಮೇಲೆ! ‘ಪತ್ತೇದಾರಿ ಕಥೆಯಲ್ಲಿ ಇದೆಲ್ಲ ಯಾಕೆ, ಸುಮ್ನೆ ಪುಟ ಹಾರಿಸಿದೆ’ ಅನ್ನುವವರಿಗೆ ನನ್ನದೊಂದು ತಕರಾರಿದೆ. ಟ್ರೆಂಟ್ ಕೇಸು ಬಿಡಿಸಿ ವರದಿ ಬರೆದು ಮುಗಿಸುತ್ತಾನೆ. ಅಚ್ಚಾದರೆ ಊರೆಲ್ಲ ಅವನದೇ ಹೆಸರು. ಆದರೆ ಮೇಬಲ್‌ಗೂ ಗಂಡನ ಸೆಕ್ರೆಟರಿಗೂ ಏನೋ ಇದೆ ಅನ್ನುವ ಅನುಮಾನ ಅವನನ್ನು ಕೊರೆಯುತ್ತಿದೆ. ವರದಿಯನ್ನು ಪತ್ರಿಕೆಗೆ ಕಳಿಸದೆ ಅವಳ ಕೈಗೇ ಕೊಟ್ಟು, ದೇಶ ಬಿಟ್ಟು ಹೋಗುತ್ತಾನೆ.

ಮಜಾ ಏನಂದರೆ, ಆ ವರದಿ ತಪ್ಪು! (ಸ್ವಲ್ಪ ಗುಟ್ಟು ಬಿಟ್ಟುಕೊಟ್ಟೆ, ಬಯ್ಯಬೇಡಿ. ಕೊಲೆಗಾರ ಯಾರು ಅಂತ ಹೇಳುವುದಿಲ್ಲ.) ಸೆಟ್ಟು, ಬೂಟು, ಎಲ್ಲ ಸರಿಯಾಗೇ ನೋಡಿದ್ದ. ಲೆಕ್ಕ ಮಾತ್ರ ತಪ್ಪಿತ್ತು. ಪ್ರೀತಿ ಅಡ್ಡ ಬರದೆ ಇದ್ದಿದ್ದರೆ ಕೊಲೆ ಮಾಡದವನ ಕೊರಳಿಗೆ ಹಗ್ಗ ಬೀಳಬಹುದಿತ್ತು. ಈಗ ಹೇಳಿ, ಆ ಪುಟಗಳನ್ನು ಹಾರಿಸುವುದು ಸರಿನಾ?

ಹಾಗಂತ ಎಲ್ಲವೂ ಹಿಡಿಸಿತು ಅಂತಲ್ಲ. ಟ್ರೆಂಟ್, ಮೇಬಲ್ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುವ ಕಡೆ ಬೆಂಟ್ಲಿ ಜಾಸ್ತಿ ಎಳೆದಿದ್ದಾರೆ. ಟ್ರೆಂಟ್ ಕಂಪನಿ ನಾಟಕದ ರಾಜನ ಥರ ಮಾತಾಡುತ್ತಾನೆ. ನಾನು ಎದ್ದು ಹೋಗಿ ಕಾಫಿಗೆ ಇಟ್ಟೆ.

ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಕಾದಂಬರಿ ಪುಕ್ಕಟೆ ಸಿಗುತ್ತದೆ. ಕೊನೆಯ ಅಧ್ಯಾಯ ಮೊದಲೇ ನೋಡುವ ಚಟ ಇದ್ದರೆ ಇದೊಂದು ಸಲ ತಡೆದುಕೊಳ್ಳಿ. ಹೆಸರು ‘ಲಾಸ್ಟ್ ಕೇಸ್’, ಆದರೆ ಟ್ರೆಂಟ್‌ನ ಮೊದಲ ಕಾದಂಬರಿಯೇ ಇದು. ಕೊನೆಯಲ್ಲಿ ಸೋಲೊಪ್ಪಿ, ಇನ್ನು ಈ ಪತ್ತೇದಾರಿಯ ಸಹವಾಸವೇ ಬೇಡ ಅಂತಾನೆ. 1936ರಲ್ಲಿ ಇನ್ನೊಂದು ಕಾದಂಬರಿಯಲ್ಲಿ ಮತ್ತೆ ಬಂದ!