ಕ್ಯಾಸೆಟ್ಟಿನ ಕೊನೆಯ ನಾಲ್ಕು ನಿಮಿಷ

ಕೇಳುಗರಿಗೆ ನಮಸ್ಕಾರ.

ಹಳೆಯ ಬಾನುಲಿ ಮತ್ತು ಟಿವಿ ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನು ಉಳಿಸಿಕೊಳ್ಳುವ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದಾರೆ. ಕರೆದವರಿಗೆ ಒಂದು ಸಂಗತಿ ಗೊತ್ತಿಲ್ಲ. ಅಂಥದೊಂದು ಧ್ವನಿಮುದ್ರಣವನ್ನು ಕೈಯಾರೆ ಅಳಿಸಿದವನು ನಾನು. ಅದನ್ನು ಮೊದಲು ಹೇಳಿಬಿಡುತ್ತೇನೆ.

1983ರ ಜೂನ್ 25, ಶನಿವಾರ ರಾತ್ರಿ. ಚಾಮರಾಜಪೇಟೆಯ ನನ್ನ ಸೋದರಮಾವನ ಮನೆ. ನನಗೆ ಹದಿನಾಲ್ಕು ವರ್ಷ. ಮಾವ ಊರಿನಲ್ಲಿರಲಿಲ್ಲ. ಆ ಮನೆಗೆ ಟಿವಿ ಇನ್ನೂ ಬಂದಿರಲಿಲ್ಲ. ನಡುಮನೆಯ ಗೂಡಿನಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಸೇರಿದ ಒಂದು ಟೂ-ಇನ್-ಒನ್ ಇತ್ತು. ಲಾರ್ಡ್ಸ್ ಮೈದಾನದಿಂದ ವಿಶ್ವಕಪ್ ಫೈನಲ್ ಪಂದ್ಯದ ವೀಕ್ಷಕ ವಿವರಣೆ ಅದರಲ್ಲಿ ಏರುತ್ತ ಇಳಿಯುತ್ತ ಬರುತ್ತಿತ್ತು. ಭಾರತ ಗಳಿಸಿದ್ದು ಬರೀ 183. ಆದರೂ ಕಪಿಲ್ ದೇವ್ ಹಿಂದಕ್ಕೆ ಓಡಿ ವೆಸ್ಟ್ ಇಂಡೀಸ್ ತಂಡದ ರಿಚರ್ಡ್ಸ್‌ನ ಕ್ಯಾಚ್ ಹಿಡಿದಾಗಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಡೂಜಾನ್ ಮತ್ತು ಮಾರ್ಷಲ್ ಬೇರೂರಿ ಆಡುತ್ತಿದ್ದ ಹೊತ್ತಿಗೆ ಒಂದು ಯೋಚನೆ ಬಂತು: ಇದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಖಾಲಿ ಕ್ಯಾಸೆಟ್ ಇರಲಿಲ್ಲ. ಮೇಜಿನ ಡ್ರಾದಲ್ಲಿ ಒಂದು ಅರುವತ್ತು ನಿಮಿಷದ ಕ್ಯಾಸೆಟ್ ಸಿಕ್ಕಿತು. ಅದರ ಮೇಲೆ ಪೆನ್ಸಿಲಿನಲ್ಲಿ ‘ನಾಟಕ’ ಎಂದಷ್ಟೇ ಬರೆದಿತ್ತು. ಹಾಕಿದೆ, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದೆ.

ಎರಡನೆಯ ಮಗ್ಗುಲಿನ ಇಪ್ಪತ್ತಾರನೆಯ ನಿಮಿಷದಲ್ಲಿ ಅಮರನಾಥ್ ಎಸೆತಕ್ಕೆ ಹೋಲ್ಡಿಂಗ್ ಎಲ್‌ಬಿಡಬ್ಲ್ಯು ಆದ. ನಾನು ಸ್ಟಾಪ್ ಒತ್ತಿ ಬೀದಿಗೆ ಓಡಿದೆ.

ಮಾವ ಬಂದ ಮೇಲೆ ವಿಷಯ ತಿಳಿಯಿತು. ಅದು ಬಾನುಲಿಯಲ್ಲಿ ಬಂದಿದ್ದ ಒಂದು ಗಂಟೆಯ ನಾಟಕ. ಟೂ-ಇನ್-ಒನ್ ಕೊಳ್ಳುವುದಕ್ಕೂ ಮುಂಚೆ, ಯಾರಿಂದಲೋ ಎರವಲು ತಂದ ಟೇಪ್ ರೆಕಾರ್ಡರಿನ ಮೈಕನ್ನು ರೇಡಿಯೊ ಮುಂದೆ ಹಿಡಿದು, ಅಡುಗೆಮನೆಯ ಬಾಗಿಲು ಹಾಕಿಸಿ, ಮಕ್ಕಳನ್ನು ಮಹಡಿಗೆ ಅಟ್ಟಿ ಮುದ್ರಿಸಿಕೊಂಡದ್ದು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, “ಗೆದ್ದರಲ್ಲ, ಬಿಡು. ನಾಟಕವನ್ನು ಮತ್ತೆ ಹಾಕುತ್ತಾರೆ. ಅವರ ಹತ್ತಿರ ಇದ್ದೇ ಇರುತ್ತದೆ” ಎಂದರು.

ಆ ನಾಟಕವನ್ನು ನಾನು ಮತ್ತೆ ಎಂದೂ ಕೇಳಿಲ್ಲ. ‘ಅವರ ಹತ್ತಿರ ಇದ್ದೇ ಇರುತ್ತದೆ’ ಎಂಬ ಆ ಒಂದು ನಂಬಿಕೆಯಿಂದ ಹಾಳಾದಷ್ಟು ಟೇಪು ಬೂಷ್ಟಿನಿಂದಲೂ ಹಾಳಾಗಿರಲಾರದು ಎಂದು ಈಗ ಅನ್ನಿಸುತ್ತದೆ. ಮನೆಯವರು ನಿಲಯದವರ ಹತ್ತಿರ ಇದೆ ಎಂದುಕೊಂಡರು. ನಿಲಯದವರು ಇನ್ನಾವುದೋ ದೊಡ್ಡ ಭಂಡಾರದಲ್ಲಿ ಇರಬಹುದು ಎಂದುಕೊಂಡರು. ಭಂಡಾರದವರ ಹತ್ತಿರ ಇದ್ದದ್ದು ಅವರಿಗೆ ಯಾರೋ ಕಳಿಸಿಕೊಟ್ಟದ್ದು ಮಾತ್ರ.

ಇತಿಹಾಸದಲ್ಲಿ ಒಂದು ಸೋಜಿಗವಿದೆ. 1935ರ ಆಗಸ್ಟ್‌ನಲ್ಲಿ ಬರ್ಲಿನ್ನಿನ ರೇಡಿಯೊ ವಸ್ತುಪ್ರದರ್ಶನದಲ್ಲಿ ‘ಮ್ಯಾಗ್ನೆಟೊಫೋನ್’ ಎಂಬ ಯಂತ್ರವನ್ನು ಮೊದಲ ಬಾರಿಗೆ ಜನರ ಮುಂದಿಟ್ಟರು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಪುಡಿ ಲೇಪಿಸಿ, ಅದರಲ್ಲಿ ಧ್ವನಿ ಹಿಡಿಯುವ ಯಂತ್ರ. ಸರಿಯಾಗಿ ಮರುತಿಂಗಳು, ಸೆಪ್ಟೆಂಬರ್ 10ರಂದು, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಇಡೀ ದೇಶದ ಬಾನುಲಿಗೆ ಮುಂದೆ ಬಂದ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯದು. ಹೀಗೆ ದನಿ ಹಿಡಿಯುವ ಟೇಪು ಅಲ್ಲಿ, ದನಿ ಹರಡುವ ನಿಲಯ ಇಲ್ಲಿ, ಒಂದೇ ತಿಂಗಳ ಅಂತರದಲ್ಲಿ ಹುಟ್ಟಿದವು. ಆದರೆ ಎರಡೂ ಕೂಡಿಬರಲು ಹಲವು ವರ್ಷ ಬೇಕಾಯಿತು. ಯುದ್ಧ ಮುಗಿಯುವವರೆಗೆ ಟೇಪು ಜರ್ಮನಿಯಿಂದ ಆಚೆಗೆ ಹೆಚ್ಚು ಬರಲೇ ಇಲ್ಲ. ಅಲ್ಲಿಯವರೆಗಿನದು ಹೆಚ್ಚಾಗಿ ನೇರ ಪ್ರಸಾರದ ಕಾಲ: ಕಲಾವಿದರು ಬಂದರು, ಕೆಂಪು ದೀಪ ಹತ್ತಿತು, ಹಾಡಿದರು, ದೀಪ ಆರಿತು.

1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು. ಆ ಕಾಲಕ್ಕೆ ಸ್ಪೂಲ್ ಟೇಪುಗಳು ಬಳಕೆಗೆ ಬರುತ್ತಿದ್ದವು. ಹತ್ತೂವರೆ ಅಂಗುಲದ ಸ್ಪೂಲಿನಲ್ಲಿ 2,500 ಅಡಿ ಟೇಪು. ಸೆಕೆಂಡಿಗೆ ಹದಿನೈದು ಅಂಗುಲದಂತೆ ಓಡಿಸಿದರೆ ಮೂವತ್ತಮೂರು ನಿಮಿಷಕ್ಕೆ ಮುಗಿಯಿತು. ಟೇಪು ದುಬಾರಿ. ಅದಕ್ಕೊಂದು ಗುಣವೂ ಇತ್ತು, ಅದೇ ಅದರ ಕೇಡೂ ಹೌದು: ಅಳಿಸಿ ಮತ್ತೆ ಬಳಸಬಹುದು. ಹಳ್ಳಿಯ ಶಾಲೆಯಲ್ಲಿ ಸ್ಲೇಟು ಒರೆಸಿದಷ್ಟೇ ಸಲೀಸು. ಪ್ರಸಾರವಾದ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ?

ಟಿವಿಯ ಕಥೆ ಇನ್ನೂ ಕೆಟ್ಟದ್ದು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಮಾರುಕಟ್ಟೆಗೆ ತಂದ ವಿಡಿಯೊ ಯಂತ್ರಕ್ಕೆ ಎರಡು ಅಂಗುಲ ಅಗಲದ ಟೇಪು ಬೇಕಿತ್ತು. ಒಂದು ಗಂಟೆಯ ಟೇಪಿನ ಬೆಲೆ ಸುಮಾರು 300 ಡಾಲರ್. ಅಷ್ಟು ಹಣ ಕೊಟ್ಟವರು ಒಂದೇ ಸಲ ಬಳಸಿ ಕಪಾಟಿನಲ್ಲಿ ಇಡುತ್ತಾರೆಯೇ? ಬಿಬಿಸಿಯಂಥ ಬಿಬಿಸಿಯೇ ಇಡಲಿಲ್ಲ. ‘ಡಾಕ್ಟರ್ ಹೂ’ ಎಂಬ ಅವರ ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳ ಟೇಪನ್ನು ಅಳಿಸಿಬಿಟ್ಟರು. 2013ರಲ್ಲಿ ಅವುಗಳಲ್ಲಿ ಒಂಬತ್ತು ಕಂತುಗಳ ಫಿಲ್ಮ್ ಪ್ರತಿಗಳು ನೈಜೀರಿಯಾದ ಜೋಸ್ ಎಂಬ ಊರಿನ ಟಿವಿ ನಿಲಯದಲ್ಲಿ ಸಿಕ್ಕಿದವು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯಗಳ ಮೂಲ ಟೇಪುಗಳೂ ಬಹುತೇಕ ಅಳಿಸಿಹೋಗಿರಬೇಕೆಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು. ನಾವು ಈಗ ನೋಡುವುದು ಟಿವಿ ಕೇಂದ್ರಗಳಲ್ಲಿ ಉಳಿದ ಪ್ರತಿಗಳನ್ನು. ಚಾಮರಾಜಪೇಟೆಯ ಹುಡುಗನೊಬ್ಬ ನಾಟಕ ಅಳಿಸಿದ್ದಕ್ಕೆ ಇದರಿಂದ ಸ್ವಲ್ಪ ಸಮಾಧಾನ ಸಿಗುತ್ತದೆ, ನಿಜ.

ಆ ಧಾರಾವಾಹಿಯ ವಿಷಯದಲ್ಲಿ ನನಗೆ ತುಂಬ ಹಿಡಿಸುವ ಮಾತು ಬೇರೆ. ಕಳೆದುಹೋದ ಕಂತುಗಳ ಚಿತ್ರ ಇಲ್ಲವಾದರೂ ಅಷ್ಟೂ ಕಂತುಗಳ ಧ್ವನಿ ಇಂದು ಇದೆ. ಉಳಿಸಿದವರು ಯಾರು? ತಮ್ಮ ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಹುಡುಗರು. ನನ್ನ ಮಾವ ಅಡುಗೆಮನೆಯ ಬಾಗಿಲು ಹಾಕಿಸಿದಂತೆ ಅವರೂ ಹಾಕಿಸಿರಬೇಕು.

ಆದ್ದರಿಂದ ಈ ಮಾತನ್ನು ನಾನು ಭಂಡಾರಗಳ ಅಧಿಕಾರಿಗಳಿಗೆ ಹೇಳುತ್ತಿಲ್ಲ, ನಿಮಗೆ ಹೇಳುತ್ತಿದ್ದೇನೆ. ದೊಡ್ಡವರ ದನಿ ಹೇಗೋ ಉಳಿಯುತ್ತದೆ. 1947ರ ನವೆಂಬರ್ 12ರಂದು ಗಾಂಧೀಜಿ ದೆಹಲಿಯ ಬಾನುಲಿ ಭವನಕ್ಕೆ ಬಂದು ಆಡಿದ ಮಾತು ಇಂದಿಗೂ ಇದೆ, ಇರಲೇಬೇಕು. ಆದರೆ ಯಾವುದೋ ಸಂಜೆಯ ಕೃಷಿ ಕಾರ್ಯಕ್ರಮದಲ್ಲಿ ರಾಗಿಯ ಬೆಂಕಿ ರೋಗಕ್ಕೆ ಮದ್ದು ಕೇಳಿದ ರೈತನ ಮಾತು, ಅಡಿಕೆ ಧಾರಣೆ, ನಾಳೆ ಗುಡುಗು ಸಹಿತ ಮಳೆ, ಇವನ್ನು ಯಾರು ಇಡುತ್ತಾರೆ? ಯಾರೋ ಹಾಡು ಮುದ್ರಿಸಿಕೊಳ್ಳಲು ಹೋಗಿ, ನಿಲ್ಲಿಸಲು ಮರೆತು, ಆಕಸ್ಮಿಕವಾಗಿ ಸಿಕ್ಕಿಬಿದ್ದದ್ದಷ್ಟೇ ಉಳಿದಿದೆ. ನನಗೆ ಬರುವ ಕ್ಯಾಸೆಟ್ಟುಗಳಲ್ಲಿ ಹಾಡಿಗಿಂತ ಅದರ ಹಿಂದುಮುಂದಿನ ಈ ಚೂರುಪಾರನ್ನೇ ನಾನು ಮೊದಲು ಹುಡುಕುವುದು. ಕುಕ್ಕರಿನ ಸೀಟಿ, ಯಾರೋ ಸುಮ್ಮನಿರಿಸುವ ‘ಶ್’ ಎಲ್ಲವೂ ಅದರೊಳಗಿರುತ್ತವೆ.

ನಿವೃತ್ತನಾದ ಮೇಲೆ ನಾನು ಇಂಥ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತ ಬಂದಿದ್ದೇನೆ. ಅನುಭವದ ಒಂದೆರಡು ಮಾತು.

ಅಟ್ಟದಿಂದ ಕ್ಯಾಸೆಟ್ ಇಳಿಸಿದ ಕೂಡಲೇ ಹಾಕಿ ಕೇಳಬೇಡಿ. ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಮೊದಲು ಅವನ್ನು ಮುರಿಯಿರಿ. ಮುರಿದರೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. ಮಾವ ಮುರಿದಿರಲಿಲ್ಲ. ಮುರಿದಿದ್ದರೂ ಅಂದು ನಾನು ಆ ತೂತಿಗೆ ಸೆಲೊಟೇಪ್ ಅಂಟಿಸುತ್ತಿದ್ದೆನೇನೋ, ಅದು ಬೇರೆ ಮಾತು. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಹುಡಿ ಕಂಡರೆ ಅದು ಬೂಷ್ಟು. ಓಡಿಸಿದರೆ ಯಂತ್ರಕ್ಕೂ ಹತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ. ಯಂತ್ರದ ರಬ್ಬರ್ ಬೆಲ್ಟು ವರ್ಷಗಳ ಮೇಲೆ ಕರಗಿ ಡಾಂಬರಿನಂತಾಗಿರುತ್ತದೆ. ಎಸ್.ಪಿ. ರಸ್ತೆಯ ಸಂದಿಗೊಂದಿಗಳಲ್ಲಿ ಅಲೆದರೆ ಬೆಲ್ಟು ಇನ್ನೂ ಸಿಗುತ್ತದೆ; ಜೊತೆಗೆ, ಇದನ್ನೆಲ್ಲ ಈಗ ಯಾರು ಕೇಳುತ್ತಾರೆ ಸ್ವಾಮಿ ಎಂಬ ಪ್ರಶ್ನೆಯೂ ಉಚಿತ.

1970–80ರ ದಶಕದ ಕೆಲವು ಸ್ಪೂಲ್ ಟೇಪುಗಳಿಗೆ ಒಂದು ವಿಚಿತ್ರ ಕಾಯಿಲೆ. ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಟೇಪು ಕಿರುಚುತ್ತದೆ, ಕಂದು ಲೇಪ ಕಿತ್ತುಬರುತ್ತದೆ. ಅದಕ್ಕೆ ಚಿಕಿತ್ಸೆ ಬೇಯಿಸುವುದು: ಐವತ್ತು ಡಿಗ್ರಿ ಆಸುಪಾಸಿನ ಹದವಾದ ಶಾಖದಲ್ಲಿ ಹಲವು ಗಂಟೆ ಇಟ್ಟರೆ ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ, ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಇದನ್ನು ಬಲ್ಲವರ ಕೈಗೆ ಬಿಡಿ. ಮನೆಯ ಓವನ್ನಿನಲ್ಲಿ ಪ್ರಯೋಗ ಬೇಡ. ವಿನೆಗರಿನ ವಾಸನೆ ಬರುವ ಹಳೆಯ ಅಸಿಟೇಟ್ ಟೇಪನ್ನಂತೂ ಬೇಯಿಸಲೇಬಾರದು.

ಕ್ಯಾಸೆಟ್ಟಿನ ದನಿ ಕಂಬಳಿ ಹೊದ್ದಂತೆ ಮಂಕಾಗಿದ್ದರೆ ಟೇಪು ಸತ್ತಿದೆ ಎಂದುಕೊಳ್ಳಬೇಡಿ. ಟೇಪಿಗೆ ತಾಕಿ ದನಿ ಬರೆಯುವ, ಓದುವ ಭಾಗಕ್ಕೆ ಹೆಡ್ ಎನ್ನುತ್ತಾರೆ. ಮುದ್ರಿಸಿದ ಯಂತ್ರದ ಹೆಡ್ಡಿಗೂ ಈಗಿನ ಯಂತ್ರದ ಹೆಡ್ಡಿಗೂ ಕೂದಲೆಳೆಯಷ್ಟು ಓರೆ ಇರುತ್ತದೆ. ಅಲ್ಲೊಂದು ಚಿಕ್ಕ ತಿರುಪು ಇದೆ. ಕಿವಿಗೊಟ್ಟು ಅದನ್ನು ಕಾಲು ಸುತ್ತು ತಿರುಗಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ದನಿ ತೆರೆದುಕೊಳ್ಳುತ್ತದೆ. ನಾನು ಪರೀಕ್ಷೆಗೆ ಇಟ್ಟುಕೊಂಡಿರುವುದು ಸಕಾರ, ಶಕಾರಗಳನ್ನು. ಅಲ್ಲಿಯವರೆಗೆ ಉದ್ಘೋಷಕರು ‘ಸಂಕರ’ ಎಂದರೋ ‘ಶಂಕರ’ ಎಂದರೋ ತಿಳಿಯುವುದಿಲ್ಲ. ತಿರುಪು ಸರಿಯಾದ ಕೂಡಲೇ ಶಕಾರ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆ ಕಾಲದವರ ಉಚ್ಚಾರ ಎಷ್ಟು ಚೊಕ್ಕಟವಾಗಿತ್ತೆಂದು ತಿಳಿಯುವುದೂ ಆಗಲೇ.

ಇಳಿಸುವಾಗ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ವೇವ್ ಕಡತವಾಗಿ ಇಳಿಸಿ. ಒಂದು ಗಂಟೆಯ ಮಾನೊ ಧ್ವನಿಗೆ ಒಂದು ಗಿಗಾಬೈಟ್ ಆದೀತು, ಆಗಲಿ. ಗೊರಗೊರ ಸದ್ದನ್ನು ಸೋಸಿದ ಪ್ರತಿಯನ್ನು ಬೇಕಾದರೆ ಬೇರೆಯಾಗಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಕಾಯಿದೆಯ ಪ್ರಕಾರ ಪ್ರಸಾರದ ಮೇಲೆ ಪ್ರಸಾರಕರಿಗೆ 25 ವರ್ಷ ಹಕ್ಕಿದೆ, ಕವಿ ಮತ್ತು ಗಾಯಕರ ಹಕ್ಕುಗಳು ಅದಕ್ಕಿಂತ ದೀರ್ಘ. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಅಂತರಜಾಲಕ್ಕೆ ಏರಿಸುವ ಮುನ್ನ ವಿಚಾರಿಸಿ. ಆದರೆ ತಡಮಾಡಬೇಡಿ. ಟೇಪುಗಳನ್ನು 2025ರೊಳಗೆ ಇಳಿಸಿಕೊಳ್ಳಿ, ಆಮೇಲೆ ಓಡಿಸುವ ಯಂತ್ರಗಳೇ ಸಿಗುವುದು ಕಷ್ಟ ಎಂದು ಯುನೆಸ್ಕೊ 2019ರಲ್ಲೇ ಎಚ್ಚರಿಸಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ನನ್ನನ್ನು ಕಾಡುವುದು ಬೇರೊಂದು. ದನಿ ಇದೆ, ಯಾರದೆಂದು ಗೊತ್ತಿಲ್ಲ. ‘ನಾಟಕ’, ‘ಹಾಡು’, ‘ರೇಡಿಯೊ’ ಎಂದಷ್ಟೇ ಬರೆದ ಕ್ಯಾಸೆಟ್ಟುಗಳು ರಾಶಿ ರಾಶಿ. ಆಗ ಪತ್ತೇದಾರಿಕೆ ಮಾಡಬೇಕು. ಒಂದು ಟೇಪಿನಲ್ಲಿ ಬೆಳಗಿನ ಮೊದಲ ಉದ್ಘೋಷಣೆ ಸಿಕ್ಕಿಬಿದ್ದಿತ್ತು: ಶಕವರ್ಷ 1899, ಕಾರ್ತಿಕ 14. ಲೆಕ್ಕ ಹಾಕಿದರೆ 1977ರ ನವೆಂಬರ್ 5, ಶನಿವಾರ. ನಾವು ಯಾರೂ ಕಿವಿಗೇ ಹಾಕಿಕೊಳ್ಳದ ಆ ಶಕವರ್ಷ ಹೀಗೆ ಉಪಕಾರ ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು? ಇನ್ನೊಂದು ಗುಟ್ಟು ಹೇಳುತ್ತೇನೆ. 1978ರ ನವೆಂಬರ್ 23ರಂದು ನಮ್ಮ ಭಾಗದ ಮಧ್ಯಮ ತರಂಗದ ನಿಲಯಗಳ ಕಂಪನಾಂಕಗಳ ನಡುವಿನ ಅಂತರವನ್ನು 9 ಕಿಲೋಹರ್ಟ್ಸ್‌ಗೆ ಹೊಂದಿಸಿದರು. ಅಂದಿನಿಂದ ಆ ಸಂಖ್ಯೆಗಳೆಲ್ಲ ಒಂಬತ್ತರ ಮಗ್ಗಿಗೆ ಸೇರಿದವು. ಬೆಂಗಳೂರಿನ 612, ಧಾರವಾಡದ 765, ಭಾಗಿಸಿ ನೋಡಿ. ಹಳೆಯ ಟೇಪಿನಲ್ಲಿ ಒಂಬತ್ತರಿಂದ ಭಾಗವಾಗದ ಮಧ್ಯಮ ತರಂಗದ ಸಂಖ್ಯೆ ಕೇಳಿಸಿದರೆ ಅದು 1978ರ ಆ ದಿನಕ್ಕಿಂತ ಹಿಂದಿನದು.

ಆದ್ದರಿಂದ ಕ್ಯಾಸೆಟ್ ಕೈಗೆ ಸಿಕ್ಕಿದಾಗ, ಮುದ್ರಿಸಿದವರು ಇನ್ನೂ ಮನೆಯಲ್ಲಿದ್ದರೆ, ಯಂತ್ರ ಹುಡುಕುವುದಕ್ಕೂ ಮುಂಚೆ ಅವರನ್ನು ಕೂರಿಸಿಕೊಂಡು ಕೇಳಿ: ಯಾವಾಗ, ಎಲ್ಲಿ, ಯಾವ ನಿಲಯದಿಂದ, ಯಾರ ದನಿ. ನಾನು ಮಾವನನ್ನು ಕೇಳಲಿಲ್ಲ. ಕೇಳಬೇಕೆನ್ನಿಸಿದಾಗ ಅವರಿರಲಿಲ್ಲ.

ಆ ಕ್ಯಾಸೆಟ್ ಈಗ ನನ್ನ ಬಳಿ ಇದೆ. ಮೊದಲ ಮಗ್ಗುಲು ಪೂರ್ತಿ ಕ್ರಿಕೆಟ್. ಎರಡನೆಯದರಲ್ಲಿ ಇಪ್ಪತ್ತಾರು ನಿಮಿಷ ಕ್ರಿಕೆಟ್. ಜನರ ಕೂಗು, ಟಕ್ ಎಂದು ಗುಂಡಿಯ ಸದ್ದು, ಅದರ ಬೆನ್ನಿಗೇ ನಾಟಕದ ಕೊನೆಯ ದೃಶ್ಯ. ನಾನು ಬೀದಿಗೆ ಓಡಿದ್ದರಿಂದ ಉಳಿದ ನಾಲ್ಕು ನಿಮಿಷ. ಒಬ್ಬ ಮುದುಕಿ ಯಾರನ್ನೋ ಬಾಗಿಲಲ್ಲಿ ನಿಲ್ಲಿಸಿ ಮಾತನಾಡಿಸುತ್ತಾಳೆ. “ಬಂದವನು ಕೂತು ಹೋಗು, ನಿಂತು ಹೋಗಬೇಡ” ಎನ್ನುತ್ತಾಳೆ. ಅಂಥ ದನಿ ನಾನು ಬೇರೆಲ್ಲೂ ಕೇಳಿಲ್ಲ. ಸ್ವಲ್ಪ ಒಡಕು, ಸ್ವಲ್ಪ ನಗು. ಆಮೇಲೆ ವೀಣೆ. ಉದ್ಘೋಷಕಿ ಪಾತ್ರವರ್ಗ ಓದುತ್ತಾರೆ: ಮಗನ ಪಾತ್ರದವರ ಹೆಸರು, ಶಾನುಭೋಗರ ಪಾತ್ರದವರ ಹೆಸರು. “ಅಜ್ಜಿಯ ಪಾತ್ರದಲ್ಲಿ ಶ್ರೀಮತಿ” ಎನ್ನುವಷ್ಟರಲ್ಲಿ ಟೇಪು ಮುಗಿಯುತ್ತದೆ.

ಆ ನಾಲ್ಕು ನಿಮಿಷದಲ್ಲಿ ಒಂದು ತುಣುಕನ್ನು ನಿಲಯದವರು ಈಗ ಕೇಳಿಸಲು ಒಪ್ಪಿದ್ದಾರೆ. ಅಜ್ಜಿಯ ದನಿ ಯಾರದೆಂದು ನಿಮ್ಮ ಮನೆಯ ಹಿರಿಯರಿಗೆ ಗುರುತು ಸಿಕ್ಕರೆ ನಿಲಯದ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ರೇಡಿಯೊದ ದನಿಯನ್ನು ಸ್ವಲ್ಪ ಏರಿಸಿಕೊಳ್ಳಿ. ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ಇನ್ನೂ ಒಳ್ಳೆಯದು.